ಒಲೆ ಅವಳದು, ಮನೆ ಹುದ್ದೆಯದು

ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪಾದ್ರಿಯ ಹೆಂಡತಿಯ ಸಂಸಾರದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಕ್ಯಾಥೊಲಿಕ್ ಫಾದರ್‌ಗಳಿಗೆ ಮದುವೆಯಿಲ್ಲ. ನಮ್ಮೂರ ಸಿ.ಎಸ್.ಐ. ಚರ್ಚಿನ ಅಯ್ಯನವರಿಗೆ ಹೆಂಡತಿ ಮಕ್ಕಳಿದ್ದಾರೆ. ಇಂಗ್ಲೆಂಡಿನಲ್ಲಿ ಪಾದ್ರಿಗಳ ಮದುವೆ ಯಾವಾಗ ಶುರುವಾಯಿತು?
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಬಂತು, ಹೋಯಿತು, ಮತ್ತೆ ಬಂತು. 8ನೇ ಹೆನ್ರಿ ಪೋಪರ ಹಿಡಿತದಿಂದ ಬಿಡಿಸಿಕೊಂಡರೂ ಪಾದ್ರಿಗಳ ಮದುವೆಯನ್ನು ಒಪ್ಪಲಿಲ್ಲ. 1539ರ ಆರು ವಿಧಿಗಳ ಕಾಯ್ದೆ ಅದನ್ನು ನಿಷೇಧಿಸಿತು. ಅವನ ಆರ್ಚ್‌ಬಿಷಪ್ ಕ್ರ್ಯಾನ್ಮರ್ 1532ರಲ್ಲೇ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮದುವೆಯಾಗಿದ್ದವನು, ಹೆಂಡತಿಯನ್ನು ಜನರ ಕಣ್ಣಿಗೆ ಬೀಳದಂತೆ ಇಟ್ಟುಕೊಂಡಿದ್ದ. 6ನೇ ಎಡ್ವರ್ಡ್‌ನ ಕಾಲಕ್ಕೆ, 1549ರಲ್ಲಿ, ಕಾನೂನು ಒಪ್ಪಿಗೆ ಕೊಟ್ಟಿತು. 1553ರಲ್ಲಿ ಪಟ್ಟಕ್ಕೆ ಬಂದ ಮೇರಿ ಅದನ್ನು ರದ್ದು ಮಾಡಿದಳು. ಮದುವೆಯಾದ ಪಾದ್ರಿಗಳು ಹುದ್ದೆ ಕಳೆದುಕೊಂಡರು. ಮತ್ತೆ ಬೇಕೆಂದರೆ ಹೆಂಡತಿಯನ್ನು ಬಿಡಬೇಕಿತ್ತು.

1ನೇ ಎಲಿಜಬೆತ್ ಮದುವೆಗೆ ಅಡ್ಡಿ ಮಾಡಲಿಲ್ಲ, ಆದರೆ ಮನಸ್ಸಿಟ್ಟು ಒಪ್ಪಲೂ ಇಲ್ಲ. 1559ರ ಅವಳ ಆಜ್ಞೆಯಂತೆ ಪಾದ್ರಿಗೆ ಹೆಣ್ಣು ಗೊತ್ತಾದರೆ ಮೊದಲು ಬಿಷಪ್ ಮತ್ತು ಆ ಸೀಮೆಯ ಇಬ್ಬರು ನ್ಯಾಯಾಧಿಕಾರಿಗಳು ಅವಳನ್ನು ವಿಚಾರಿಸಿ ಒಪ್ಪಬೇಕು. ಹೆತ್ತವರ ಸಮ್ಮತಿ ಬೇಕು. ಅವರಿಲ್ಲದಿದ್ದರೆ ನೆಂಟರದೋ ಅವಳು ಕೆಲಸಕ್ಕಿದ್ದ ಮನೆಯ ಯಜಮಾನರದೋ ಬೇಕು. ಬೇರೆ ಯಾವ ಕಸುಬಿನವರ ಹೆಂಡತಿಗೂ ಈ ಪರೀಕ್ಷೆ ಇರಲಿಲ್ಲ. 1549ರ ಕಾಯ್ದೆ ಪೂರ್ತಿಯಾಗಿ ಮರಳಿ ಜಾರಿಗೆ ಬಂದದ್ದು 1604ರಲ್ಲಿ, 1ನೇ ಜೇಮ್ಸ್ ಕಾಲದಲ್ಲಿ. ಅಲ್ಲಿಯವರೆಗೆ ಪಾದ್ರಿಯ ಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ತಕರಾರು ತೆಗೆಯಲು ಅವಕಾಶ ಉಳಿದೇ ಇತ್ತು.

ಬಿಷಪ್ಪರನ್ನು 'ಲಾರ್ಡ್' ಅನ್ನುತ್ತಾರೆ. ಅವರ ಹೆಂಡತಿ 'ಲೇಡಿ'ಯೇ?
— ಹರಿಹರದ ಓದುಗರು

ಅಲ್ಲ. ಆರ್ಚ್‌ಬಿಷಪ್ಪರ ಹೆಂಡತಿಯೂ ಬರೀ 'ಮಿಸೆಸ್'. ಗಂಡನ ಪದವಿ ಹುದ್ದೆಯಿಂದ ಬಂದದ್ದು, ವಂಶದಿಂದ ಬಂದದ್ದಲ್ಲ. ಆದ್ದರಿಂದ ಹೆಂಡತಿಗೆ ಹರಿದು ಬರುವುದಿಲ್ಲ. ಮುಂದಿನ ಉತ್ತರಗಳಲ್ಲೂ ಇದನ್ನು ನೆನಪಿಡಿ. ಅವಳ ಸೂರು, ಹಿತ್ತಿಲು, ಹೊಲ, ಹಾಲು ಎಲ್ಲಕ್ಕೂ ಇದೇ ನಿಯಮ.

ಪಾದ್ರಿಗೆ ಸಂಬಳ ಎಷ್ಟಿತ್ತು, ಯಾರು ಕೊಡುತ್ತಿದ್ದರು?
— ಎ.ಪಿ.ಎಂ.ಸಿ. ವರ್ತಕರು, ದಾವಣಗೆರೆ

ಹೆಚ್ಚಿನ ಕಡೆ ತಿಂಗಳ ಸಂಬಳ ಎಂಬುದಿರಲಿಲ್ಲ. ಊರಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು, ಅಂದರೆ ದಶಮಾಂಶ, ಮತ್ತು ಚರ್ಚಿಗೆ ಸೇರಿದ ಹೊಲದ ಉತ್ಪತ್ತಿ. ನಮ್ಮ ಹಳ್ಳಿಗಳಲ್ಲಿ ಕಣದಲ್ಲೇ ಆಯಗಾರರಿಗೆ ಅಳೆದು ಕೊಡುತ್ತಿದ್ದ ಆಯದಂತೆ ಅನ್ನಿ. ಆಯಗಾರನು ಮಾಡುವ ಕೆಲಸ ರೈತನ ಕಣ್ಣಿಗೆ ಕಾಣುತ್ತಿತ್ತು. ಚರ್ಚಿಗೆ ಕಾಲಿಡದ ರೈತನೂ ಪಾದ್ರಿಗೆ ಪಾಲು ಕೊಡಬೇಕಿತ್ತು. ಜಗಳದ ಬೇರು ಅಲ್ಲಿದೆ.

ಪಾದ್ರಿಗಳಲ್ಲಿ ಮೂರು ತರ. ರೆಕ್ಟರ್‌ಗೆ ದೊಡ್ಡ ದಶಮಾಂಶ: ಧಾನ್ಯ, ಒಣಹುಲ್ಲು, ಮರ. ವಿಕರ್‌ಗೆ ಸಾಮಾನ್ಯವಾಗಿ ಸಣ್ಣ ದಶಮಾಂಶ: ಕುರಿಮರಿ, ಉಣ್ಣೆ, ಹಾಲು, ಮೊಟ್ಟೆ, ಹಂದಿಮರಿ, ಹಣ್ಣು, ಜೇನು. ದೊಡ್ಡ ಪಾಲು ಬೇರೆ ಒಡೆಯನಿಗೋ ಕಾಲೇಜಿಗೋ ಹೋಗುತ್ತಿತ್ತು. ಮೂರನೆಯವನು ಕ್ಯುರೇಟ್, ಗೊತ್ತಾದ ಮೊತ್ತಕ್ಕೆ ದುಡಿಯುವವನು. ಕಾದಂಬರಿ ಓದುವಾಗ ಗಂಡ ಯಾವ ತರದವನು ಎಂದು ಮೊದಲು ನೋಡಿ. ಹೆಂಡತಿಯ ಮನೆಯಲ್ಲಿ ಎಷ್ಟು ಆಳುಕಾಳು ಇರಬಹುದೆಂದು ಅದರಿಂದಲೇ ಊಹಿಸಬಹುದು.

ಸಣ್ಣ ದಶಮಾಂಶವೆಲ್ಲ ನೇರ ಹೆಂಡತಿಯ ಕೈಗೆ ಬರುವಂಥದ್ದು. ಹಾಲು ಬಂದ ಗಳಿಗೆಯೇ ಕಾಯಿಸಬೇಕು, ಕಡೆಯಬೇಕು, ಚೀಸ್ ಕಟ್ಟಬೇಕು, ಇಲ್ಲದಿದ್ದರೆ ಹುಳಿ. ಹಂದಿ ಏಳೇ ಮರಿ ಹಾಕಿದರೆ ಹತ್ತನೇ ಪಾಲು ಯಾವುದು? ಇಂಥ ಲೆಕ್ಕದಲ್ಲಿ ಊರವರ ಜೊತೆ ಮನಸ್ತಾಪ. ಅನೇಕ ಊರುಗಳಲ್ಲಿ ಇಷ್ಟು ಹಸುವಿಗೆ ಇಷ್ಟು ಪೆನ್ನಿ ಎಂದು ಹಿಂದೆಯೇ ನಿಗದಿಯಾಗಿರುತ್ತಿತ್ತು. ಜಗಳ ತಪ್ಪುತ್ತಿತ್ತು, ನಿಜ. ಆದರೆ ಬೆಲೆಗಳು ಏರಿದರೂ ಆ ಪೆನ್ನಿ ಏರುತ್ತಿರಲಿಲ್ಲ, ವಿಕರ್‌ನ ಮನೆ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿತ್ತು. ತೀರಾ ಕಡಿಮೆ ಆದಾಯದ ಚರ್ಚುಗಳಿಗೆ ನೆರವಾಗಲು 1704ರಲ್ಲಿ ರಾಣಿ ಆ್ಯನ್ ಹೆಸರಿನ ನಿಧಿ ಬಂತು.

1836ರ ಕಾಯ್ದೆ ದಶಮಾಂಶವನ್ನು ಹಣಕ್ಕೆ ತಿರುಗಿಸಿತು. ಗೋಧಿ, ಬಾರ್ಲಿ, ಓಟ್ಸ್ ಈ ಮೂರರ ಹಿಂದಿನ 7 ವರ್ಷಗಳ ಸರಾಸರಿ ಧಾರಣೆಯ ಮೇಲೆ ಪ್ರತಿವರ್ಷದ ಮೊತ್ತ. ಮಂಡಿಯಲ್ಲಿ ಕೂತ ನಿಮಗೆ ಇದರ ಅಪಾಯ ಬೇಗ ಹೊಳೆಯುತ್ತದೆ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಹಡಗಿನಲ್ಲಿ ಬಂದು ಇಳಿಯಿತು, ಧಾರಣೆ ಕುಸಿಯಿತು. ಕಾಗದದ ಮೇಲೆ 100 ಪೌಂಡ್ ಇದ್ದದ್ದು 1901ರ ಹೊತ್ತಿಗೆ ಸುಮಾರು 67ಕ್ಕೆ ಇಳಿಯಿತು. ಹತ್ತು ಕೋಣೆಯ ಮನೆ, ಕುದುರೆ ಲಾಯ, ಆರೆಂಟು ಮಕ್ಕಳು ಹಾಗೇ ಇದ್ದವು.

ಅಷ್ಟು ದೊಡ್ಡ ಮನೆಗೆ ರಾತ್ರಿ ಬೆಳಕಿನ ಖರ್ಚು ಹೇಗೆ ನಿಭಾಯಿಸುತ್ತಿದ್ದರು?
— ಗೃಹಿಣಿ, ಚನ್ನಗಿರಿ

ನಡುಮನೆಗೆ ಮೇಣದಬತ್ತಿ, ಕೈ ಬಿಗಿಯಿದ್ದ ಮನೆಯ ಅಡುಗೆಕೋಣೆಗೆ ಜೊಂಡಿನ ದೀಪ. 1709ರಿಂದ 1831ರವರೆಗೆ ಮೇಣದಬತ್ತಿಗೆ ಸುಂಕವಿತ್ತು. ಮನೆಬಳಕೆಗೆ ಕೊಬ್ಬಿನಲ್ಲಿ ಅದ್ದಿದ ಜೊಂಡಿಗೆ ಮಾತ್ರ ಇರಲಿಲ್ಲ. ಮಾಡುವ ವಿಧಾನವನ್ನು ಸೆಲ್ಬರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1775ರ ಒಂದು ಪತ್ರದಲ್ಲಿ ಅಳತೆ ಸಮೇತ ಬರೆದಿಟ್ಟಿದ್ದಾನೆ. ಅವನು ಬ್ರಹ್ಮಚಾರಿ, ಬರೆದದ್ದು ಹಳ್ಳಿಯ ಬಡವರ ಮನೆಯ ಕ್ರಮ.

ನಡುಬೇಸಿಗೆಯಲ್ಲಿ ಉದ್ದದ, ದಪ್ಪ ಜೊಂಡು ಕೊಯ್ಯಬೇಕು. ಕೊಯ್ದ ತಕ್ಷಣ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಒಣಗಿ ಸಿಪ್ಪೆ ಏಳುವುದಿಲ್ಲ. ಸಿಪ್ಪೆ ಸುಲಿಯುವಾಗ ತುದಿಯಿಂದ ಬುಡದವರೆಗೆ ಒಂದೇ ಒಂದು ಸಣ್ಣ ಎಳೆ ಬಿಡಬೇಕು. ಅದು ತಿರುಳಿಗೆ ಬೆನ್ನೆಲುಬು. ಪೂರ್ತಿ ಸುಲಿದರೆ ತಿರುಳು ಮುರಿಯುತ್ತದೆ, ಹೆಚ್ಚು ಬಿಟ್ಟರೆ ಉರಿ ಮಂಕಾಗುತ್ತದೆ. ಆಮೇಲೆ ಕೆಲವು ರಾತ್ರಿ ಹುಲ್ಲಿನ ಮೇಲೆ ಹರಡಿ ಇಬ್ಬನಿಗೆ ಬಿಟ್ಟು, ಬಿಸಿಲಲ್ಲಿ ಒಣಗಿಸಿ, ಕುದಿಯುವ ಕೊಬ್ಬಿನಲ್ಲಿ ಅದ್ದಬೇಕು. ಹಂದಿಮಾಂಸ ಬೇಯಿಸಿದ ಪಾತ್ರೆಯ ಮೇಲೆ ತೇಲುವ ಜಿಡ್ಡನ್ನು ಜಾಣ ಹೆಂಗಸರು ಇದಕ್ಕೆ ಕೂಡಿಡುತ್ತಿದ್ದರು. ಅದರಲ್ಲಿ ಉಪ್ಪು ಹೆಚ್ಚಾದರೆ ಬೆಚ್ಚಗಿನ ಒಲೆಗೂಡಿನಲ್ಲಿಟ್ಟರೆ ಉಪ್ಪು ತಳಕ್ಕಿಳಿಯುತ್ತದೆ. ಸ್ವಲ್ಪ ಜೇನುಮೇಣ ಸೇರಿಸಿದರೆ ಕೊಬ್ಬು ಗಟ್ಟಿಯಾಗಿ ಹೆಚ್ಚು ಹೊತ್ತು ಉರಿಯುತ್ತದೆ. ಕುರಿಯ ಕೊಬ್ಬಿನಿಂದಲೂ ಅದೇ ಗುಣ.

ಲೆಕ್ಕ ಹೀಗಿದೆ: ಒಂದು ಪೌಂಡ್, ಅಂದರೆ ಅರ್ಧ ಕಿಲೋಗೆ ತುಸು ಕಡಿಮೆ, ಒಣ ಜೊಂಡಿನಲ್ಲಿ 1600ಕ್ಕೂ ಹೆಚ್ಚು ಕಡ್ಡಿ. ಅದಕ್ಕೆ 6 ಪೌಂಡ್ ಕೊಬ್ಬು. ಸುಮಾರು ಎರಡೂಕಾಲು ಅಡಿಯ ಒಂದು ಒಳ್ಳೆಯ ಕಡ್ಡಿ 57 ನಿಮಿಷ ಉರಿಯಿತಂತೆ. ಎಲ್ಲ ಕಡ್ಡಿಗೂ ಸರಾಸರಿ ಅರ್ಧ ಗಂಟೆ ಹಿಡಿದರೂ ಒಂದು ಫಾರ್ದಿಂಗ್‌ಗೆ, ಅಂದರೆ ಕಾಲು ಪೆನ್ನಿಗೆ, ಐದೂವರೆ ಗಂಟೆ ಬೆಳಕು. ನಿಮ್ಮ ಸೂಳೆಕೆರೆ ಅಂಚಿನ ಜೊಂಡಿನಲ್ಲಿ ಮಾಡಬಹುದೇ ಎಂದೂ ಕೇಳಿದ್ದೀರಿ. ಅಗಲ ಎಲೆಯ ಆ ಜಾತಿ ಆಗದು. ಉರುಟಾದ ಕಡ್ಡಿಯೊಳಗೆ ಉದ್ದಕ್ಕೂ ಒಂದೇ ತಿರುಳಿರುವ ಜಾತಿ ಬೇಕು.

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರಂತೆ. ಕ್ರಮ ಹೇಗಿತ್ತು?
— ಪ್ರಾಥಮಿಕ ಶಾಲೆ ಶಿಕ್ಷಕಿ, ಜಗಳೂರು

ಇದಕ್ಕೆ ಸುಸಾನಾ ವೆಸ್ಲಿಗಿಂತ ಒಳ್ಳೆಯ ದಾಖಲೆ ಬಿಟ್ಟುಹೋದವರು ಕಡಿಮೆ. ಲಿಂಕನ್‌ಶೈರ್‌ನ ಎಪ್‌ವರ್ತ್ ಊರಿನ ರೆಕ್ಟರ್ ಸ್ಯಾಮ್ಯುಯೆಲ್ ವೆಸ್ಲಿಯ ಹೆಂಡತಿ. ಹೆತ್ತದ್ದು 19, ದೊಡ್ಡವರಾದದ್ದು 10. ಮೈಸೂರು ಸೀಮೆಯಲ್ಲಿ ಶಾಲೆ, ಅಚ್ಚುಕೂಟ ನಡೆಸಿದ ವೆಸ್ಲಿಯನ್ ಮಿಶನ್‌ಗೆ ಹೆಸರು ಬಂದದ್ದು ಅವಳ ಮಗ ಜಾನ್‌ನಿಂದ. ತನ್ನ ಕ್ರಮವನ್ನು ಅವಳು 1732ರಲ್ಲಿ ಅದೇ ಮಗನಿಗೆ ಪತ್ರದಲ್ಲಿ ಬರೆದು ಕಳಿಸಿದಳು.

ಐದು ವರ್ಷ ತುಂಬುವವರೆಗೆ ಓದು ಇಲ್ಲ. ತುಂಬಿದ ಮರುದಿನ ಪಾಠ ಆರಂಭ. ಅದರ ಹಿಂದಿನ ದಿನವೇ ಮನೆಗೆಲಸ ಹಂಚಿಟ್ಟು, ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5 ಯಾರೂ ಆ ಕೋಣೆಗೆ ಬರಬಾರದೆಂದು ಕಟ್ಟಪ್ಪಣೆ. ಆ ಒಂದೇ ದಿನದಲ್ಲಿ ಅಕ್ಷರಮಾಲೆ ಮುಗಿಯಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಒಂದೂವರೆ ದಿನ ಹಿಡಿಯಿತೆಂದು ಅವರನ್ನು ಮಂದಮತಿಗಳೆಂದು ಎಣಿಸಿದ್ದಳಂತೆ. ಆಮೇಲೆ ಬೇರೆ ಮಕ್ಕಳು ಎಷ್ಟು ನಿಧಾನ ಎಂದು ನೋಡಿದ ಮೇಲೆ ಮನಸ್ಸು ಬದಲಿಸಿದಳು. ಎರಡನೇ ಮೆಟ್ಟಿಲು ನೇರ ಬೈಬಲ್‌ನ ಮೊದಲ ಅಧ್ಯಾಯ. ಮೊದಲ ವಾಕ್ಯವನ್ನು ಅಕ್ಷರ ಕೂಡಿಸಿ ಓದಿಸುವುದು, ತಡವರಿಸದೆ ಬರುವವರೆಗೆ ಅದನ್ನೇ ಓದಿಸುವುದು, ಆಮೇಲೆ ಎರಡನೆಯದು.

ದಿನಚರಿ: ಸಂಜೆ 6ಕ್ಕೆ ಪ್ರಾರ್ಥನೆ, ಊಟ, 7ಕ್ಕೆ ಕೆಲಸದವಳು ಕಿರಿಯರಿಂದ ಶುರುಮಾಡಿ ಮೈ ತೊಳೆಸುವುದು, 8ಕ್ಕೆ ಎಲ್ಲರೂ ಹಾಸಿಗೆಯಲ್ಲಿ. ಊಟದ ನಡುವೆ ಬಾಯಾಡಿಸುವಂತಿಲ್ಲ. ಅವಳ ನಿಯಮಗಳಲ್ಲಿ ಎರಡು ಈಗಲೂ ಹಿಡಿಸುತ್ತವೆ: ತಾನೇ ಒಪ್ಪಿಕೊಂಡ ತಪ್ಪಿಗೆ ಏಟಿಲ್ಲ, ಹುಡುಗಿ ಚೆನ್ನಾಗಿ ಓದಲು ಕಲಿಯುವ ತನಕ ಅವಳನ್ನು ಹೊಲಿಗೆಗೆ ಕೂರಿಸುವಂತಿಲ್ಲ. ವರ್ಷ ತುಂಬುವಷ್ಟರಲ್ಲೇ ಕೂಸಿಗೆ ಬೆತ್ತದ ಭಯ ಹುಟ್ಟಿಸಿ ಸದ್ದಿಲ್ಲದೆ ಅಳುವುದನ್ನು ಕಲಿಸುತ್ತಿದ್ದಳು ಎಂಬುದು ಹಿಡಿಸದ ಸಂಗತಿ. ಟೀಚರಮ್ಮ, ಅದನ್ನು ಅಲ್ಲಿಗೇ ಬಿಡಿ.

ಈ ಕ್ರಮ ಕೆಟ್ಟದ್ದು ಎಲ್ಲಿ? 1709ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಜಾನ್‌ನನ್ನು ಕಿಟಕಿಯಿಂದ ಎಳೆದು ಉಳಿಸಿದರು. ಹೊಸ ಮನೆ ಏಳುವವರೆಗೆ ಮಕ್ಕಳು ಬೇರೆ ಬೇರೆ ಮನೆಗಳಲ್ಲಿ. ಮಾತು, ಶಿಸ್ತು ಎರಡೂ ಹಾಳಾದವು ಎಂದು ಅವಳದೇ ದೂರು. ಮತ್ತೆ ಒಟ್ಟಾದಾಗ ಮೊದಲಿನಿಂದ ಕಟ್ಟಿದಳು. ಜೊತೆಗೆ ವಾರದ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಒಬ್ಬಳೇ ಕೂತು ಮಾತಾಡುವ ಪದ್ಧತಿ ಇಟ್ಟಳು, ಜಾನ್‌ನದು ಗುರುವಾರ. ಗಂಡ 1705ರಲ್ಲಿ ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆ ಸೇರಿದ್ದವನು. ಅವಳು ತನ್ನ ಉಂಗುರಗಳನ್ನು ಕಳಿಸಿದರೆ ಅವನು ತೆಗೆದುಕೊಳ್ಳದೆ ಹಿಂದಿರುಗಿಸಿದ.

ಊರಿನ ಹೆಂಗಸರಿಗೆ ಪಾದ್ರಿಯ ಹೆಂಡತಿಯಿಂದ ಏನು ಉಪಯೋಗ?
— ಹಿರಿಯೂರಿನ ಓದುಗರು

ಸಂಬಳವಿಲ್ಲದ ಎರಡನೇ ನೌಕರಿ ಅದು. ಬಾಣಂತಿಯ ಮನೆಗೆ ಒಂದು ಪೆಟ್ಟಿಗೆ ಹೋಗುತ್ತಿತ್ತು: ಹಾಸು, ಹೊದಿಕೆ, ಕೂಸಿನ ಬಟ್ಟೆ. ಸುಮಾರು ತಿಂಗಳ ನಂತರ ಒಗೆದು ಹಿಂದಿರುಗಿಸಬೇಕು. 19ನೇ ಶತಮಾನದಲ್ಲಿ ಬಟ್ಟೆ ಕ್ಲಬ್ಬುಗಳು ಬಂದವು. ವಾರಕ್ಕೊಂದು ಪೆನ್ನಿ ಕಟ್ಟಿದರೆ ವರ್ಷಕ್ಕೆ 4 ಶಿಲ್ಲಿಂಗ್ 4 ಪೆನ್ನಿ (12 ಪೆನ್ನಿಗೆ ಒಂದು ಶಿಲ್ಲಿಂಗ್). ಉಳ್ಳವರು ಮೇಲೆ ಸ್ವಲ್ಪ ಸೇರಿಸುತ್ತಿದ್ದರು. ಚಳಿಗೆ ಮುಂಚೆ ಬಟ್ಟೆ. ಲೆಕ್ಕದ ಪುಸ್ತಕ ಪಾದ್ರಿಯ ಹೆಂಡತಿಯ ಕೈಯಲ್ಲಿ. ಚರ್ಚಿಗೆ ಬರುವವರಿಗೆ ಮಾತ್ರ ಎಂಬ ಷರತ್ತು ಹಾಕಿದ ಕಡೆ ಕಹಿ ಬೆಳೆಯಿತು. ಜ್ವರದ ಮನೆಗೆ ಗಂಜಿ ಒಯ್ದವಳು ಸೋಂಕನ್ನು ತನ್ನ ಮಕ್ಕಳಿಗೇ ತರುವ ಅಪಾಯವೂ ಇತ್ತು. ಹ್ಯಾಂಪ್‌ಶೈರ್‌ನ ಓಲ್ಡ್ ಆಲ್ರೆಸ್‌ಫರ್ಡ್ ಊರಿನ ರೆಕ್ಟರನ ಹೆಂಡತಿ ಮೇರಿ ಸಮ್ನರ್ 1876ರಲ್ಲಿ ಆರಂಭಿಸಿದ ತಾಯಂದಿರ ಕೂಟವೇ ಮುಂದೆ ದೇಶದೇಶಕ್ಕೆ ಹಬ್ಬಿದ ಮದರ್ಸ್ ಯೂನಿಯನ್.

ಗಂಡ ತೀರಿಕೊಂಡರೆ? ಪಿಂಚಣಿ ಇತ್ತೇ?
— ದಾವಣಗೆರೆ, ಹೊಳಲ್ಕೆರೆಯಿಂದ ಮೂವರು

ಇಲ್ಲ. ಗಂಡನ ಉಸಿರು ನಿಂತ ದಿನ ಆದಾಯವೂ ನಿಂತಿತು. ಮನೆ ಹುದ್ದೆಯದ್ದು, ಮುಂದಿನವನಿಗೆ ಬಿಡಬೇಕು. 1838ರ ಕಾಯ್ದೆ ವಿಧವೆಗೆ ಎರಡು ತಿಂಗಳ ಅವಕಾಶ ಕೊಟ್ಟಿತು, ಅಷ್ಟೇ.

ಅದಕ್ಕಿಂತ ಕೆಟ್ಟದ್ದು ದುರಸ್ತಿಯ ಬಾಕಿ. ಮನೆ, ಕೊಟ್ಟಿಗೆ, ಬೇಲಿಯನ್ನು ಸುಸ್ಥಿತಿಯಲ್ಲಿಡುವುದು ಹುದ್ದೆಯಲ್ಲಿದ್ದವನ ಹೊಣೆ. ರೆಕ್ಟರ್ ಆಗಿದ್ದರೆ ಚರ್ಚಿನ ಪೂರ್ವದ ತುದಿ, ಪೀಠವಿರುವ ಭಾಗದ ಮಾಡು ಕೂಡ. ಅವನು ಸತ್ತಾಗ ಹೊಸಬ ಬಂದು ಒಡೆದ ಹಂಚು, ಕೊಳೆತ ತೊಲೆ, ಬಿದ್ದ ಬೇಲಿ ಎಲ್ಲವನ್ನೂ ಅಂದಾಜು ಮಾಡಿಸಿ ಸತ್ತವನ ಆಸ್ತಿಯಿಂದ ವಸೂಲಿ ಮಾಡಬಹುದಿತ್ತು, ಕೊಡದಿದ್ದರೆ ದಾವೆ. ಹೊಸಬನ ಅಂದಾಜು ಯಾವಾಗಲೂ ದೊಡ್ಡದು, ವಿಧವೆಯ ಕಡೆಯವರದು ಚಿಕ್ಕದು. ಈ ಎಳೆದಾಟಕ್ಕೆ ಸರ್ವೇಯರ್ ನೇಮಿಸುವ ಕ್ರಮ ಬಂದದ್ದು 1871ರಲ್ಲಿ. ತಿಳಿದ ಹೆಂಗಸು ಗಂಡ ಬದುಕಿರುವಾಗಲೇ ವರ್ಷಕ್ಕೊಮ್ಮೆ ಮಾಡು ರಿಪೇರಿಗೆ ಹಟ ಹಿಡಿಯುತ್ತಿದ್ದುದು ಚೊಕ್ಕತನಕ್ಕಷ್ಟೇ ಅಲ್ಲ.

ಆಸರೆಗಳು ಕೆಲವಿದ್ದವು. ಪಾದ್ರಿಗಳ ಮಕ್ಕಳೇ 1655ರಲ್ಲಿ ಕೂಡಿ ಆರಂಭಿಸಿದ ಸಹಾಯ ಸಂಘಕ್ಕೆ 1678ರಲ್ಲಿ ರಾಜಸನದು ಸಿಕ್ಕಿತು. ರಾಚೆಸ್ಟರ್ ಬಿಷಪ್ ಜಾನ್ ವಾರ್ನರ್ ಬಿಟ್ಟುಹೋದ ಹಣದಲ್ಲಿ ಬ್ರಾಮ್ಲಿಯಲ್ಲಿ 20 ವಿಧವೆಯರಿಗೆ ಮನೆಗಳು ಎದ್ದವು. ಸಾಲಿಸ್‌ಬರಿಯಲ್ಲಿ 1682ರಲ್ಲಿ ಇಂಥದೇ ಇನ್ನೊಂದು. ಇಡೀ ದೇಶದ ಲೆಕ್ಕಕ್ಕೆ ಇವು ಸಾಸಿವೆಯಷ್ಟು. ಲೆಕ್ಕ ಹಾಕಿ ವಿಮೆ ಕಟ್ಟಿದವರು ಸ್ಕಾಟ್ಲೆಂಡಿನವರು. 1744ರ ಅವರ ನಿಧಿಯಲ್ಲಿ ಪಾದ್ರಿ ಪ್ರತಿವರ್ಷ ಕಟ್ಟುವ ಕಂತಿನ ಮೇಲೆ ವಿಧವೆಗೆ ವರ್ಷಕ್ಕೆ 10ರಿಂದ 25 ಪೌಂಡ್ ಸಿಗುತ್ತಿತ್ತು.

ಉಳಿದವರಿಗೆ ಮಕ್ಕಳೇ ಗತಿ. ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಅವರ ತಂದೆ ಸ್ಟೀವೆಂಟನ್‌ನ ರೆಕ್ಟರ್; ಎಂಟು ಮಕ್ಕಳು, ಮನೆಯಲ್ಲೇ ಊಟ ವಸತಿ ಕೊಟ್ಟು ಪಾಠ ಹೇಳಿಸಿಕೊಳ್ಳುವ ಹುಡುಗರು, ತಾಯಿಯ ಹಸು ಕೋಳಿ. 1805ರ ಜನವರಿಯಲ್ಲಿ ತಂದೆ ತೀರಿಕೊಂಡಾಗ ತಾಯಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಚರ್ಚಿನ ಆದಾಯ ಪೂರ್ತಿ ನಿಂತಿತು. ಗಂಡುಮಕ್ಕಳು ವರ್ಷಕ್ಕಿಷ್ಟು ಎಂದು ಹಂಚಿಕೊಂಡು ಕೊಟ್ಟರು. ನಾಲ್ಕು ವರ್ಷ ಬಾತ್, ಸೌತಾಂಪ್ಟನ್ ಎಂದು ಬಿಡಾರ ಬದಲಿಸಿದ ಮೇಲೆ, 1809ರಲ್ಲಿ ಮೂರನೇ ಮಗ ಎಡ್ವರ್ಡ್ ತನ್ನ ಜಮೀನಿದ್ದ ಚಾಟನ್ ಹಳ್ಳಿಯಲ್ಲಿ ಅವರಿಗೊಂದು ಮನೆ ಬಿಟ್ಟುಕೊಟ್ಟ.