ಹತ್ತನೇ ತರಗತಿಗೆ ಊರು ಬಿಡಿಸಬೇಕಾ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗಿ ಒಂಬತ್ತನೇ ತರಗತಿ. ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ಒಂದನೇ ತರಗತಿಯಿಂದ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಮಗಳ ಓದಿನ ಬಗ್ಗೆ ಸಲಹೆ ಕೇಳಲು ಅಪ್ಪ ಅವಳನ್ನು ಕರೆದುಕೊಂಡು ನನ್ನ ಹತ್ತಿರ ಒಂದೇ ಪ್ರಶ್ನೆ ಹಿಡಿದು ಬಂದಿದ್ದರು: "ಹತ್ತನೇತ್ತಕ್ಕ ಧಾರವಾಡದಾಗ ಇಂಗ್ಲಿಷ್ ಮೀಡಿಯಂಗೆ ಹಾಕಿಬಿಡ್ಲೇನ್ರಿ? ಪಿಯುಸಿ ಸೈನ್ಸ್ ಹಗುರ ಆಗ್ತೈತಲ್ರಿ." ಹಾಸ್ಟೆಲ್ ಕೂಡ ನೋಡಿಟ್ಟಿದ್ದರು. ಮಗಳು ಡಾಕ್ಟರ್ ಆಗಬೇಕು ಅನ್ನೋದು ಅವರ ಆಸೆ. ಮಗಳು ಬಾಯಿ ಬಿಡಲಿಲ್ಲ.

ಬೇಡ ಅಂದೆ. ಕಾರಣ ಓದಿಗಿಂತ ಜಾಸ್ತಿ ಲೆಕ್ಕದ್ದು. ಸಿಇಟಿ (ವೃತ್ತಿ ಕೋರ್ಸ್‌ಗಳ ರಾಜ್ಯ ಪ್ರವೇಶ ಪರೀಕ್ಷೆ) ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇರುತ್ತದೆ. ಆದರೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ, ಮೊದಲನೆಯದಕ್ಕೆ ಹಳ್ಳಿ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡದಲ್ಲಿ ಓದಿರಬೇಕು. ಒಂಬತ್ತು ವರ್ಷ ಓದಿ ಕೊನೆಯ ಒಂದು ವರ್ಷ ಪೇಟೆಗೆ ಹೋದರೆ ಎರಡೂ ಕೈಬಿಟ್ಟು ಹೋಗುತ್ತವೆ. ಹತ್ತು ಮುಗಿದ ಮೇಲೆ ಪಿಯುಸಿಗೆ ಧಾರವಾಡವೋ ಬೆಂಗಳೂರೋ, ಎಲ್ಲಿ ಬೇಕಾದರೂ ಓದಬಹುದು. ಈ ವಿಷಯ ಅವರಿಗೆ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ, ಬಹಳ ಕಡೆ ಹೀಗೇ.

ಇಂಗ್ಲಿಷ್ ಭಯ ಮಾತ್ರ ಸುಳ್ಳಲ್ಲ. ಕನ್ನಡದಲ್ಲಿ ಚೆನ್ನಾಗಿ ಓದಿದ ಮಕ್ಕಳು ಮೊದಲ ಪಿಯುಸಿಯಲ್ಲಿ ಕಂಗಾಲಾಗೋದು ನಾವೆಲ್ಲ ನೋಡಿದ್ದೇ. ಅದಕ್ಕೆ ಊರು ಬಿಡಿಸಬೇಕಿಲ್ಲ. ಹತ್ತನೇ ತರಗತಿ ವಿಜ್ಞಾನ, ಗಣಿತದ ಇಂಗ್ಲಿಷ್ ಮಾಧ್ಯಮದ ಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪಾಠಗಳು ಅವೇ. ಕನ್ನಡದಲ್ಲಿ ಒಂದು ಪಾಠ ಮುಗಿದ ತಕ್ಷಣ ಅದನ್ನೇ ಇಂಗ್ಲಿಷಿನಲ್ಲಿ ಓದು ಅಂದೆ. ದ್ಯುತಿಸಂಶ್ಲೇಷಣೆ ಸರಿಯಾಗಿ ಅರ್ಥವಾಗಿದ್ದರೆ ಫೋಟೋಸಿಂಥೆಸಿಸ್ ಓದಲು ಒಂದು ಸಂಜೆ ಸಾಕು. ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ನೀಟ್ ಅನ್ನು ಕನ್ನಡದಲ್ಲೇ ಬರೆಯಬಹುದು ಅಂದಾಗ ಅಪ್ಪ ನಂಬಲಿಲ್ಲ, ಫೋನಿನಲ್ಲಿ ತೆಗೆದು ತೋರಿಸಿದೆ.

ಆಮೇಲೆ ಅವರನ್ನು ಹೊರಗೆ ಚಹಾಕ್ಕೆ ಕಳಿಸಿ ಹುಡುಗಿಯನ್ನು ಮಾತಾಡಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಕೊನೆಗೆ ಕೇಳಿದಳು: "ರೈತ ಸಂಪರ್ಕ ಕೇಂದ್ರದಾಗ ಒಬ್ರು ಮೇಡಂ ಅದಾರ. ಅವರು ಏನು ಓದ್ಯಾರ್ರಿ?"

ಬಿಎಸ್‌ಸಿ ಕೃಷಿ. ರಾಯಚೂರು, ಧಾರವಾಡ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯಗಳಲ್ಲೆಲ್ಲ ಇದೆ, ಸಿಇಟಿ ಮೂಲಕ ಸೀಟು. ಪಿಯುಸಿ ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಬರೀ ಕೋಚಿಂಗ್ ಅನ್ನುವ ಕಾಲೇಜು ಇವಳಿಗೆ ಸರಿಹೋಗುವುದಿಲ್ಲ. ರೈತರ ಮಕ್ಕಳಿಗೆ ಕೃಷಿಕ ಕೋಟಾ ಬೇರೆ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹೊಲದಲ್ಲಿ ಬೆಳೆದ ಹುಡುಗಿಗೆ ಅದು ಹೊಸ ಜಾಗವಲ್ಲ.

ವಾಪಸ್ ಬಂದ ಅಪ್ಪನಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. "ಹೊಲ ಬಿಡಿಸಬೇಕಂತ ಓದಸಾಕತ್ತೀನಿ" ಅಂದರು. ವಾದ ಮಾಡಲಿಲ್ಲ. ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತಗೊಂಡರೆ ನೀಟೂ ಬರೆಯಬಹುದು, ಸಿಇಟಿಯೂ ಬರೆಯಬಹುದು, ಈಗಲೇ ಒಂದನ್ನು ಆರಿಸಬೇಕಿಲ್ಲ ಅಂದೆ. ನಾಲ್ಕೂ ಭಾರದ ವಿಷಯಗಳು, ನಿಜ. ಇವಳಿಗೆ ಗಣಿತ ಅಷ್ಟಕ್ಕಷ್ಟೆ. ಎಸ್‌ಎಸ್‌ಎಲ್‌ಸಿ ಗಣಿತದ ಅಂಕ ನೋಡಿ ಮತ್ತೆ ಕೂರೋಣ, ಅಲ್ಲಿಯವರೆಗೆ ಯಾವ ಕೋಚಿಂಗ್‌ಗೂ ಮುಂಗಡ ಕೊಡಬೇಡಿ ಅಂತ ಕೇಳಿಕೊಂಡೆ.

ಇನ್ನು ಕಾಗದ. ಅವಳ ಆಧಾರ್ ತೆಗೆಸಿ ನೋಡಿದರೆ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಉದ್ದಕ್ಕೆ ಇದೆ. ಶಾಲೆಯ ದಾಖಲೆಯಲ್ಲಿ ಬರೀ ಒಂದು ಇನಿಷಿಯಲ್. ಹತ್ತನೇ ತರಗತಿಯ ನೋಂದಣಿಗೆ ಮುಂಚೆಯೇ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಸರಿಮಾಡಿಸಿ ಅಂದೆ, ಯಾಕೆಂದರೆ ಮುಂದೆ ಅಂಕಪಟ್ಟಿಯ ಹೆಸರೇ ಎಲ್ಲ ಕಡೆ ಓಡುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಿಂದ. ಕೊಪ್ಪಳದವರಾದ್ದರಿಂದ 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ ಅರ್ಹತಾ ಪತ್ರಕ್ಕೆ ಎಸಿ (ಉಪವಿಭಾಗಾಧಿಕಾರಿ) ಕಚೇರಿ. ಸಿಇಟಿ ಅರ್ಜಿ ಹಾಕೋ ವಾರ ಇದಕ್ಕೆಲ್ಲ ಓಡಾಡಿದರೆ ಆಗೋದಲ್ಲ.

ಧಾರವಾಡದ ಹಾಸ್ಟೆಲ್‌ನ ಮಾತು ಅಲ್ಲಿಗೆ ನಿಂತಿತು. ಡಾಕ್ಟರ್ ಆಸೆ ಇನ್ನೂ ಇದೆ. ಹೊರಡುವಾಗ ಅಪ್ಪ ಕೇಳಿದ್ದು ಮಗನ ಬಗ್ಗೆ: ಅವನು ಏಳನೇ ತರಗತಿ, ಎಂಟಕ್ಕೆ ಪಟ್ಟಣದ ಶಾಲೆಗೆ ಅರ್ಜಿ ಹಾಕಿ ಆಗಿದೆಯಂತೆ.