ವ್ಯಾಸೊಪ್ರೆಸಿನ್ ಕಮ್ಮಿ ಅಂದ್ಮೇಲೆ ಕೋಪೆಪ್ಟಿನ್ ಟೆಸ್ಟ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಭಾವ ಚಿಕ್ಕಂದಿನಿಂದ್ಲೂ ದಿನಕ್ಕೆ ಎಂಟತ್ತು ಲೀಟರ್ ನೀರು ಕುಡೀತಾರೆ, ರಾತ್ರಿಯೆಲ್ಲಾ ಎದ್ದೆದ್ದು ಬಾತ್‌ರೂಮಿಗೆ ಓಡ್ತಾರೆ. ಶುಗರ್ ನಾರ್ಮಲ್. ಅವರ ತಂದೆಗೂ ಹಿಂಗೇ ಇತ್ತಂತೆ. ಈಗ ತೋರಿಸ್ತಿರೋ ಡಾಕ್ಟ್ರು ‘ವ್ಯಾಸೊಪ್ರೆಸಿನ್ ಹಾರ್ಮೋನ್ ಕಮ್ಮಿ ಇರ್ಬೇಕು’ ಅಂದ್ರು, ಚೀಟೀಲಿ ಬರೆದಿರೋದು ನೋಡಿದ್ರೆ ಕೋಪೆಪ್ಟಿನ್ ಟೆಸ್ಟ್. ಕಮ್ಮಿ ಇರೋದು ಒಂದು, ಟೆಸ್ಟ್ ಇನ್ನೊಂದಕ್ಕೆ, ಇದ್ಯಾವ ಲೆಕ್ಕ?
– ಹೆಸರು ಬೇಡ, ದಾವಣಗೆರೆ

ಉತ್ತರ: ಲೆಕ್ಕ ಸರಿಯಾಗೇ ಇದೆ, ಎರಡೂ ಒಂದೇ ಪ್ರೋಟೀನಿನ ತುಂಡುಗಳು. ವ್ಯಾಸೊಪ್ರೆಸಿನ್ ಅಂದ್ರೆ ‘ನೀರು ಹಿಡಿದಿಟ್ಕೊ’ ಅಂತ ಕಿಡ್ನಿಗೆ ಹೇಳೋ ಹಾರ್ಮೋನು. ಮೆದುಳಿನ ತಳದಲ್ಲಿರೋ ಹೈಪೋಥಾಲಮಸ್‌ನ ಕೆಲವು ದೊಡ್ಡ ನರಕೋಶಗಳು ವ್ಯಾಸೊಪ್ರೆಸಿನ್ನನ್ನ ನೇರವಾಗಿ ಮಾಡಲ್ಲ, ಮೊದಲು 164 ಅಮೈನೋ ಆಸಿಡ್‌ಗಳ (ಪ್ರೋಟೀನಿನ ಮಣಿಗಳು ಅನ್ಕೊಳ್ಳಿ) ಒಂದು ಉದ್ದದ ಸರ ಮಾಡ್ತವೆ. ಅದರಲ್ಲಿ ಶುರುವಿನ 19 ಬರೀ ಗುರುತು, ಇದು ಹೊರಗೆ ಹೋಗೋ ಮಾಲು ಅಂತ ಹೇಳೋಕೆ, ಕೆಲಸ ಮುಗೀತಿದ್ದಂಗೆ ಅದನ್ನ ಕಿತ್ತು ಹಾಕ್ತವೆ. ಆಮೇಲೆ ಬರೋ 9 ವ್ಯಾಸೊಪ್ರೆಸಿನ್, ಅದರ ಹಿಂದಿನ 93 ನ್ಯೂರೋಫೈಸಿನ್, ಬಾಲದಲ್ಲಿರೋ 39 ಕೋಪೆಪ್ಟಿನ್, ಉಳಿದ ನಾಲ್ಕರಲ್ಲಿ ಮೂರು ಎಲ್ಲಿ ಕತ್ತರಿಸ್ಬೇಕು ಅನ್ನೋದನ್ನ ತೋರಿಸೋಕೆ, ಒಂದು ವ್ಯಾಸೊಪ್ರೆಸಿನ್ನಿನ ತುದಿ ಸರಿಮಾಡೋಕೆ. ಅಂದ್ರೆ ಇಷ್ಟುದ್ದದ ಸರದಲ್ಲಿ ನಮಗೆ ಬೇಕಾದ ಹಾರ್ಮೋನು ಒಂಬತ್ತೇ ಒಂಬತ್ತು!

ಸರ ಮಡಚಿಕೊಂಡು ಗಾಲ್ಜಿ (ಕೋಶದೊಳಗಿನ ಪ್ಯಾಕಿಂಗ್ ವಿಭಾಗ) ದಾಟಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬ್ಕೊಳ್ಳುತ್ತೆ, ಆ ಚೀಲಗಳು ನರತಂತುವಿನೊಳಗೆ, ಹೈಪೋಥಾಲಮಸ್‌ನ ಕೆಳಗಿರೋ ಪಿಟ್ಯುಟರಿ ಗ್ರಂಥಿಯ ಹಿಂಭಾಗದವರೆಗೂ ಸಾಗ್ತವೆ, ದಾರಿಯಲ್ಲೇ ಚೀಲದ ಒಳಗಿರೋ ಎನ್‌ಜೈಮ್‌ಗಳು ಸರವನ್ನ ಕತ್ತರಿಸ್ತಾ ಹೋಗ್ತವೆ, ಆದ್ರೆ ಕತ್ತರಿಸಿದ ತುಂಡು ಯಾವುದನ್ನೂ ಬಿಸಾಕಲ್ಲ, ಎಲ್ಲಾ ಅದೇ ಚೀಲದಲ್ಲೇ ಇರುತ್ತೆ. ರಕ್ತದ ಸಾಂದ್ರತೆ ಶೇ. 1-2 ಏರಿದ್ರೂ ಸಾಕು, ಈ ಕೋಶಗಳಿಗೆ ಗೊತ್ತಾಗಿಬಿಡುತ್ತೆ, ಸಿಗ್ನಲ್ ಹರಿಯುತ್ತೆ, ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಚೀಲ ಬಾಯಿಬಿಟ್ಟು ಇದ್ದಬದ್ದದ್ದನ್ನೆಲ್ಲಾ ರಕ್ತಕ್ಕೆ ಸುರಿಯುತ್ತೆ. ಒಂದು ವ್ಯಾಸೊಪ್ರೆಸಿನ್‌ಗೆ ಒಂದು ಕೋಪೆಪ್ಟಿನ್.

ವ್ಯಾಸೊಪ್ರೆಸಿನ್ನನ್ನ ಲ್ಯಾಬಲ್ಲಿ ಅಳೆಯೋದು ದೊಡ್ಡ ತಲೆನೋವು. ಬಹುಪಾಲು ಪ್ಲೇಟ್‌ಲೆಟ್‌ಗಳಿಗೆ (ರಕ್ತ ಹೆಪ್ಪುಗಟ್ಟಿಸೋ ಕಣಗಳು) ಅಂಟ್ಕೊಂಡಿರುತ್ತೆ, ರಕ್ತದಿಂದ ಬೇಗ ಮಾಯವಾಗುತ್ತೆ, ಟ್ಯೂಬಲ್ಲೂ ಉಳಿಯಲ್ಲ. ಕೋಪೆಪ್ಟಿನ್ ಹಂಗಲ್ಲ, ರೂಮ್ ಟೆಂಪರೇಚರಲ್ಲಿ ದಿನಗಟ್ಟಲೆ ಕೆಡದೆ ಇರುತ್ತೆ. ಎಷ್ಟು ಬಾಳೆಹಣ್ಣು ಖರ್ಚಾಯ್ತು ಅಂತ ಸಿಪ್ಪೆ ಎಣಿಸಿ ಹೇಳಿದಂಗೆ ಅಷ್ಟೇ. ಆದ್ರೆ ಸುಮ್ನೆ ಒಂದ್ಸಲ ರಕ್ತ ಕೊಟ್ಟು ಬಂದ್ರೆ ಎಲ್ಲಾ ಗೊತ್ತಾಗಲ್ಲ. ಕೋಪೆಪ್ಟಿನ್ 21.4ಕ್ಕಿಂತ ಜಾಸ್ತಿ ಬಂದ್ರೆ (ಲೀಟರಿಗೆ ಪಿಕೋಮೋಲ್) ಹಾರ್ಮೋನ್ ಇದೆ, ಕಿಡ್ನಿ ಅದರ ಮಾತು ಕೇಳ್ತಿಲ್ಲ ಅಂತರ್ಥ. ಕಮ್ಮಿ ಬಂದ್ರೆ ಆಸ್ಪತ್ರೇಲಿ ಕೂರಿಸಿ 3% ಉಪ್ಪಿನ ಡ್ರಿಪ್ ಕೊಟ್ಟು ಸೋಡಿಯಂ 150 ಮುಟ್ಟಿಸಿ ಆಗ ನೋಡ್ತಾರೆ, ಕೋಪೆಪ್ಟಿನ್ 4.9 ದಾಟಿದ್ರೆ ಕೋಶಗಳು ಚೆನ್ನಾಗಿವೆ, ಬರೀ ಜಾಸ್ತಿ ನೀರು ಕುಡಿಯೋ ಅಭ್ಯಾಸ, ದಾಟ್ಲಿಲ್ಲ ಅಂದ್ರೆ ಹಾರ್ಮೋನ್ ಕೊರತೆ. 2018ರಲ್ಲಿ ಬಂದ ಅಧ್ಯಯನದಲ್ಲಿ ಇದು ಶೇ. 96.5 ಸರಿ ಹೇಳ್ತು, ಗಂಟೆಗಟ್ಟಲೆ ನೀರು ಬಿಡಿಸಿ ಮಾಡೋ ಹಳೇ ಟೆಸ್ಟ್ ಶೇ. 76.6. ಡ್ರಿಪ್ ಟೆಸ್ಟ್ ಹಿತವಾಗೇನೂ ಇರಲ್ಲ, ಬಾಯಾರಿಕೆ, ತಲೆನೋವು ಎಲ್ಲಾ ಬರುತ್ತೆ, ಸೋಡಿಯಂ ಪದೇ ಪದೇ ನೋಡ್ತಾ ಮಾಡೋ ಕಡೆಯೇ ಮಾಡಿಸಿ.

ಪ್ರಶ್ನೆ: (ಅವರದ್ದೇ ಎರಡನೇ ಪತ್ರ) ಟೆಸ್ಟ್ ಆಯ್ತು, ಕೊರತೆ ಅಂತಲೇ ಬಂತು. ಜೀನ್ ರಿಪೋರ್ಟಲ್ಲಿ ತಪ್ಪಿರೋದು ನ್ಯೂರೋಫೈಸಿನ್ ಭಾಗದಲ್ಲಿ, ವ್ಯಾಸೊಪ್ರೆಸಿನ್ ಭಾಗ ಸರಿ ಇದೆ ಅಂತಿದೆ. ಮತ್ತೆ ಕೊರತೆ ಹೆಂಗೆ?

ಉತ್ತರ: ಈ ಕಾಯಿಲೆ ಇರೋ ಮನೆತನಗಳಲ್ಲಿ ಹೆಚ್ಚಾಗಿ ತಪ್ಪು ಸಿಗೋದು ಅಲ್ಲೇ. ನ್ಯೂರೋಫೈಸಿನ್ ಬರೀ ಜಾಗ ತುಂಬಿಸೋ ತುಂಡಲ್ಲ, ಅದರೊಳಗೆ ಒಂದು ಗುಳಿ ಇದೆ, ವ್ಯಾಸೊಪ್ರೆಸಿನ್‌ನ ಮುಂದಿನ ತುದಿ ಅದರಲ್ಲಿ ಸರಿಯಾಗಿ ಕೂತ್ರೇನೇ ಇಡೀ ಸರ ಸರಿಯಾಗಿ ಮಡಚಿಕೊಳ್ಳೋದು. ನ್ಯೂರೋಫೈಸಿನ್ ಒಳಗೇ ಅದರ ಆಕಾರ ಬಿಗಿದು ಹಿಡಿಯೋ ಏಳು ಗಂಧಕದ ಸೇತುವೆ ಬೇರೆ, ಒಂದು ತಪ್ಪಿದ್ರೂ ಎಲ್ಲಾ ಎಡವಟ್ಟು. ಸೊಟ್ಟಗೆ ಮಡಚಿದ ಸರವನ್ನ ಕೋಶ ಮುಂದಕ್ಕೆ ಬಿಡಲ್ಲ, ಪ್ರೋಟೀನ್ ತಯಾರಾಗೋ ಜಾಗದಲ್ಲೇ ರಾಶಿ ಬೀಳುತ್ತೆ. ತಾಯಿಯಿಂದ ಬಂದ ಇನ್ನೊಂದು ಒಳ್ಳೆ ಜೀನ್ ಇದ್ರೂ ಉಪಯೋಗ ಆಗಲ್ಲ, ಯಾಕಂದ್ರೆ ಕೆಟ್ಟ ಸರ ಒಳ್ಳೇದನ್ನೂ ಹಿಡ್ಕೊಂಡುಬಿಡುತ್ತೆ, ವರ್ಷ ಕಳೆದಂಗೆ ಕೋಶವೇ ಸೊರಗುತ್ತೆ. ಅದಕ್ಕೇ ಈ ಮಕ್ಕಳು ಹುಟ್ಟಿದಾಗ ಚೆನ್ನಾಗೇ ಇರ್ತಾರೆ, ತೊಂದರೆ ಕಾಣಿಸ್ಕೊಳ್ಳೋದು ಕೆಲವು ತಿಂಗಳೋ ವರ್ಷಗಳೋ ಆದ್ಮೇಲೆ. ನಿಮ್ಮ ಭಾವನ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ, ಮಕ್ಕಳ ಡಾಕ್ಟ್ರಿಗೆ ಮೊದಲೇ ಹೇಳಿಡಿ. ವ್ಯಾಸೊಪ್ರೆಸಿನ್ ಬದಲಿಗೆ ಕೊಡೋ ಡೆಸ್ಮೊಪ್ರೆಸಿನ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಮಾತ್ರೆ ತಗೊಂಡು ಹಳೇ ಅಭ್ಯಾಸದಲ್ಲಿ ಹತ್ತು ಲೀಟರ್ ಕುಡಿದ್ರೆ ಸೋಡಿಯಂ ಕುಸಿದು ಫಿಟ್ಸ್ ಬರಬಹುದು, ಇದನ್ನ ಅವರಿಗೆ ಒತ್ತಿ ಹೇಳಿ.

ಪ್ರಶ್ನೆ: ನರಕೋಶ ಹಾರ್ಮೋನ್ ಮಾಡುತ್ತಾ? ಅದು ಗ್ರಂಥಿ ಕೆಲಸ ಅಲ್ವಾ ಸರ್?
– ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಹಂಗೇ ಅಂದ್ಕೊಂಡಿದ್ರಮ್ಮ. 1928ರಲ್ಲಿ ಅರ್ನ್ಸ್ಟ್ ಶಾರರ್ ಅನ್ನೋ ಜರ್ಮನಿಯವರು ಒಂದು ಪುಟ್ಟ ಮೀನಿನ ಹೈಪೋಥಾಲಮಸ್‌ನಲ್ಲಿ ಗ್ರಂಥಿ ಥರ ಕಾಣೋ ನರಕೋಶ ಇದೆ ಅಂದಾಗ ಬಹಳ ಜನ ನಂಬ್ಲೇ ಇಲ್ಲ. 1949ರಲ್ಲಿ ಬಾರ್ಗ್‌ಮನ್ ಅನ್ನೋ ಇನ್ನೊಬ್ಬ ಜರ್ಮನ್ ವಿಜ್ಞಾನಿ ಒಂದು ಬಣ್ಣ ಹಾಕಿ ಆ ಕೋಶಗಳಿಂದ ಪಿಟ್ಯುಟರಿವರೆಗಿನ ಇಡೀ ದಾರಿ ಮೈಕ್ರೋಸ್ಕೋಪಲ್ಲಿ ಕಾಣೋ ಹಂಗೆ ಮಾಡಿದ್ರು, ಆಮೇಲೆ ವಾದ ಮಾಡೋರು ಕಮ್ಮಿಯಾದ್ರು.