62 ದಾಟಿದ ಮೇಲೂ ಹಾರ್ಮೋನ್ ಮಾತ್ರೆ ನುಂಗುತ್ತಾ ಇರಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 62. ಮುಟ್ಟು ನಿಂತಾಗಿನಿಂದ 11 ವರ್ಷ ಹಾರ್ಮೋನ್ ಮಾತ್ರೆ ತಗೊಳ್ತಿದ್ದೀರಿ. ಒಬ್ಬ ಡಾಕ್ಟರ್ ಸಾಕು, ನಿಲ್ಲಿಸಿ ಅಂದಿದ್ದಾರೆ. ಇನ್ನೊಬ್ಬರು ಆರಾಮಾಗಿದ್ದೀರಲ್ಲ, ಮುಂದುವರಿಸಿ ಅಂದಿದ್ದಾರೆ. ಯಾರ ಮಾತು ಕೇಳಬೇಕು?

ನಾನು ಡಾಕ್ಟರ್ ಅಲ್ಲ. ಕಲಬುರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ 65. ಈ ಮಾತ್ರೆಯನ್ನು 51ಕ್ಕೆ ಶುರು ಮಾಡಿದೆ, 60ಕ್ಕೆ ತಪ್ಪಾಗಿ ಬಿಟ್ಟೆ, ಮತ್ತೆ ಹಿಡಿದೆ, ಹೋದ ಚಳಿಗಾಲದಲ್ಲಿ ಸರಿಯಾಗಿ ಬಿಟ್ಟೆ. ಅಷ್ಟೇ ನನ್ನ ಅನುಭವ.

ತಪ್ಪಾಗಿ ಬಿಟ್ಟ ಕಥೆ ಮೊದಲು. ಮೆಡಿಕಲ್ ಅಂಗಡಿ ಇಟ್ಟಿರುವ ನಮ್ಮ ಸಂಬಂಧಿಕ ಹುಡುಗ ಒಂದು ದಿನ, "ಅತ್ತೀ, ಈ ವಯಸ್ಸಿನಾಗ ಇದ್ಯಾಕ ಬೇಕ್ರೀ, ಕ್ಯಾನ್ಸರ್ ಬರ್ತದಂತ" ಅಂದ. ಎದೆ ಧಸಕ್ ಅಂತು. ಮನೆಗೆ ಬಂದವಳೇ ಉಳಿದ ಮಾತ್ರೆ ಕಸದ ಬುಟ್ಟಿಗೆ ಹಾಕಿದೆ. ಡಾಕ್ಟರನ್ನು ಕೇಳಲಿಲ್ಲ. ಅದೂ ಯಾವಾಗ? ಶರಣಬಸವೇಶ್ವರ ಜಾತ್ರೆ ಮುಗಿದ ವಾರ. ನಮ್ಮೂರಲ್ಲಿ ಜಾತ್ರೆಯ ತೇರು ಎಳೆದರೆ ಬಿಸಿಲು ಶುರು ಅಂತಲೇ ಅರ್ಥ. ಮೂರು ವಾರದಲ್ಲಿ ಕುತ್ತಿಗೆಯಿಂದ ತಲೆವರೆಗೆ ಝಳ ಏರತೊಡಗಿತು. ಏಪ್ರಿಲ್ ಹೊತ್ತಿಗೆ ಬಿಸಿಲಿನ ಝಳ ಯಾವುದು, ಮೈಯೊಳಗಿನ ಝಳ ಯಾವುದು ಗೊತ್ತಾಗದ ಸ್ಥಿತಿ. ರಾತ್ರಿ ಎರಡು ಗಂಟೆಗೆ ಎದ್ದು ಕೂಲರ್ ಮುಂದೆ ಕೂರುತ್ತಿದ್ದೆ. ಮನೆಯವರು ಕರೆಂಟ್ ಹೋಯ್ತಾ ಅಂತ ಕೇಳೋರು. ಕರೆಂಟ್ ಇತ್ತು, ನಿದ್ದೆ ಹೋಗಿತ್ತು.

ಆಮೇಲೆ ಹೋದ ಲೇಡಿ ಡಾಕ್ಟರ್ ಬೈಯಲಿಲ್ಲ. "ಯಾಕೆ ಬಿಟ್ರಿ" ಅಂತ ಕೇಳಲೂ ಇಲ್ಲ. "ಯಾಕೆ ತಗೊಳ್ತಿದ್ರಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 51ಕ್ಕೆ ಝಳ ಅಂತ ಶುರು ಮಾಡಿದ್ದು, ಆಮೇಲೆ ಚೀಟಿ ತೋರಿಸಿ ತರೋದು ರೂಢಿಯಾಗಿತ್ತು ಅಷ್ಟೇ. ನಿಮಗೂ ನಾನು ಕೇಳೋದು ಅದನ್ನೇ. ಝಳಕ್ಕಾ, ನಿದ್ದೆಗಾ, ಮೂಳೆಗಾ, ಕೆಳಗಿನ ಒಣಗಿದ ಉರಿಗಾ? ಒಂದೊಂದಕ್ಕೂ ಉತ್ತರ ಬೇರೆ.

ಹೆದರಿಕೆ ಬಂದದ್ದು ಎಲ್ಲಿಂದ ಅಂತಲೂ ತಿಳಿದಿರಬೇಕು. ಅಮೆರಿಕದಲ್ಲಿ 50ರಿಂದ 79 ವರ್ಷದ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಪ್ರಯೋಗವನ್ನು 2002ರ ಜುಲೈನಲ್ಲಿ ನಡುವೆಯೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಥರದ್ದು, ಹೀಗೆ ಎರಡು ಹಾರ್ಮೋನ್ ಸೇರಿಸಿದ ಮಾತ್ರೆ ತಗೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟೋದು ಜಾಸ್ತಿ ಕಂಡಿತ್ತು. ಎಷ್ಟು ಜಾಸ್ತಿ? 10,000 ಹೆಂಗಸರು ಒಂದು ವರ್ಷ ತಗೊಂಡರೆ ಸ್ತನ ಕ್ಯಾನ್ಸರ್ 8 ಹೆಚ್ಚು, ಪಾರ್ಶ್ವವಾಯು 8 ಹೆಚ್ಚು. ಸೊಂಟದ ಮೂಳೆ ಮುರಿತ ಮಾತ್ರ 5 ಕಡಿಮೆ. ಪೇಪರಿನ ತಲೆಬರಹ ನೋಡಿ ಓಡಿದವರು ಯಾರೂ ಈ 10,000 ಅನ್ನೋ ಛೇದವನ್ನು ನೋಡಲಿಲ್ಲ. ಗಣಿತದ ಟೀಚರ್ ಆಗಿ ನಾನೂ ನೋಡಲಿಲ್ಲ, ನಾಚಿಕೆ.

ಇನ್ನೊಂದು ವಿಷಯ. ಆ ಹೆಂಗಸರ ಸರಾಸರಿ ವಯಸ್ಸು 63. ಹೆಚ್ಚಿನವರು ಮುಟ್ಟು ನಿಂತು ಎಷ್ಟೋ ವರ್ಷಕ್ಕೆ ಹೊಸದಾಗಿ ಶುರು ಮಾಡಿದವರು. 62ಕ್ಕೆ ಶುರು ಮಾಡೋದು ಬೇರೆ, 51ಕ್ಕೆ ಶುರು ಮಾಡಿ 62ರಲ್ಲಿ ಮುಂದುವರಿಸೋದು ಬೇರೆ. ಅದಕ್ಕೇ ಈಗಿನ ಮಾತು ಬದಲಾಗಿದೆ. ಬರೀ 60 ಆಯಿತು, 65 ಆಯಿತು ಅಂತ ಎಲ್ಲರಿಗೂ ನಿಲ್ಲಿಸಬೇಕಾಗಿಲ್ಲ ಅಂತ ಉತ್ತರ ಅಮೆರಿಕದ ಮೆನೋಪಾಸ್ ತಜ್ಞರ ಸಂಘ 2022ರಲ್ಲಿ ಹೇಳಿತು. ಆದರೆ ವರ್ಷ ವರ್ಷ ಕೂತು ಲೆಕ್ಕ ಹಾಕಬೇಕು.

ಹಾಗಂತ ನಿಲ್ಲಿಸಿ ಅಂದ ಡಾಕ್ಟರ್ ಸುಮ್ನೆ ಹೇಳಿಲ್ಲ. ಸ್ತನದ ವಿಷಯದಲ್ಲಿ ಎಷ್ಟು ವರ್ಷ ತಗೊಂಡಿರಿ ಅನ್ನೋದು ಲೆಕ್ಕಕ್ಕೆ ಬರುತ್ತದೆ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಹೀಗಿದೆ: 50ರ ಆಸುಪಾಸಿನಲ್ಲಿ ಶುರು ಮಾಡಿ ಎರಡೂ ಹಾರ್ಮೋನ್ ದಿನಾ 5 ವರ್ಷ ತಗೊಂಡ 50 ಹೆಂಗಸರಲ್ಲಿ, 20 ವರ್ಷದೊಳಗೆ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್. ಬರೀ ಈಸ್ಟ್ರೋಜನ್ ಆದರೆ 200 ಜನರಲ್ಲಿ ಒಬ್ಬರಿಗೆ. 10 ವರ್ಷ ತಗೊಂಡರೆ ಹೆಚ್ಚುಕಡಿಮೆ ಎರಡರಷ್ಟು. ಇದು ಪಶ್ಚಿಮದ ದೇಶಗಳ ಲೆಕ್ಕ, ಅಲ್ಲಿ ಸ್ತನ ಕ್ಯಾನ್ಸರ್ ನಮಗಿಂತ ಜಾಸ್ತಿ. ಆದರೂ 13 ವರ್ಷ ದಾಟಿದ ಮೇಲೆ ನನಗೆ ಈ ತಕ್ಕಡಿ ವಾಲಿದ ಹಾಗೆ ಕಂಡಿತು.

ಗರ್ಭಚೀಲ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಅದು ದೊಡ್ಡ ವಿಷಯ. ಚೀಲ ತೆಗೆದವರಿಗೆ ಈಸ್ಟ್ರೋಜನ್ ಒಂದೇ ಸಾಕು. ಚೀಲ ಇದ್ದವರಿಗೆ ಅದರ ಒಳಪದರ ಬೆಳೆಯದಂತೆ ಪ್ರೊಜೆಸ್ಟರಾನ್ ಜೊತೆಗೆ ಬೇಕೇ ಬೇಕು. ನಮ್ಮ ಕಡೆ 35-40ಕ್ಕೇ ಚೀಲ ತೆಗೆಸಿಕೊಂಡವರು ಎಷ್ಟು ಜನ! ಬೇಕಿಲ್ಲದಿದ್ದರೂ ತೆಗೆದರು ಅಂತ 2015ರ ಸುಮಾರಿಗೆ ನಮ್ಮ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಸುದ್ದಿ ರಾಜ್ಯವೆಲ್ಲ ಓದಿತ್ತು. ಅಂಡಾಶಯವನ್ನೂ ಜೊತೆಗೇ ತೆಗೆದಿದ್ದರೆ ಆ ಹೆಣ್ಣುಮಗಳಿಗೆ ಮರುದಿನದಿಂದಲೇ ಮುಟ್ಟು ನಿಂತವರ ಸ್ಥಿತಿ. ಆಕೆಗೆ ಹಾರ್ಮೋನ್ ಬೇಡ ಅಂತ 45ಕ್ಕೆ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆ ಲೆಕ್ಕಕ್ಕೂ ನಮ್ಮ ನಿಮ್ಮ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ನನಗೆ ಡಾಕ್ಟರ್ ಮಾಡಿದ್ದು ಏನಂದರೆ, ಮಾತ್ರೆ ತೆಗೆದು ಜೆಲ್ ಕೊಟ್ಟರು. ನುಂಗಿದ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚುತ್ತವೆ. ಚರ್ಮದಿಂದ ಹೋದರೆ ಆ ದಾರಿ ತಪ್ಪುತ್ತದೆ. ನನಗೆ ಬಿಪಿ ಬೇರೆ ಇತ್ತು. ತೋಳಿಗೆ ಸ್ವಲ್ಪ ಜೆಲ್, ರಾತ್ರಿ ಒಂದು ಪ್ರೊಜೆಸ್ಟರಾನ್ ಗುಳಿಗೆ. ಆ ಗುಳಿಗೆ ಕೊಟ್ಟ ನಿದ್ದೆಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ! ವರ್ಷಕ್ಕೊಮ್ಮೆ ಬಿಪಿ, ಶುಗರ್, ಮ್ಯಾಮೋಗ್ರಾಮ್ ನೋಡಿ ಮಾತಾಡೋದು ಅಂತ ಒಪ್ಪಂದ.

ಬಿಡಲು ನನ್ನನ್ನು ತಡೆದದ್ದು ಮೂಳೆ. ನಮ್ಮವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಸೊಲ್ಲಾಪುರಕ್ಕೆ ಹೊತ್ತುಕೊಂಡು ಹೋಗಿ ಆಪರೇಷನ್ ಮಾಡಿಸಿದ್ವಿ, ಆಮೇಲೆ ಆಕೆ ಮೊದಲಿನ ಹಾಗೆ ನಡೆಯಲೇ ಇಲ್ಲ. ಹಾರ್ಮೋನ್ ಇರುವ ತನಕ ಮೂಳೆ ಗಟ್ಟಿ, ಬಿಟ್ಟರೆ ಆ ರಕ್ಷಣೆ ಕೆಲವೇ ವರ್ಷದಲ್ಲಿ ಹೋಗುತ್ತದೆ. ಆದರೆ ಮೂಳೆಗೆ ವಾರಕ್ಕೊಂದು ನುಂಗುವ ಮಾತ್ರೆ, ವರ್ಷಕ್ಕೊಂದು ಇಂಜೆಕ್ಷನ್ ಅಂತ ಬೇರೆ ಔಷಧಿ ಇವೆ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅದಕ್ಕೆ ಬದಲಾದ ಮೇಲೆ ನನಗೆ ಹಾರ್ಮೋನ್ ಹಿಡಿದುಕೊಳ್ಳಲು ಕಾರಣ ಉಳಿಯಲಿಲ್ಲ.

ಈ ಸಲ ದೀಪಾವಳಿ ಆದ ಮೇಲೆ ಶುರು ಮಾಡಿದೆ. ಜೆಲ್ ಅರ್ಧ, ಆಮೇಲೆ ದಿನ ಬಿಟ್ಟು ದಿನ, ಸಂಕ್ರಾಂತಿಗೆ ಪೂರ್ತಿ ಬಂದ್. ಜೆಲ್ ಮುಗಿಯುವ ತನಕ ಪ್ರೊಜೆಸ್ಟರಾನ್ ಬಿಡಲಿಲ್ಲ, ಗರ್ಭಚೀಲ ಇದ್ದವರು ಬಿಡುವ ಹಾಗಿಲ್ಲ. ಝಳ ಬಂತು, ದಿನಕ್ಕೆ ಎರಡು ಮೂರು. ಜನವರಿಯ ಚಳಿಯಲ್ಲಿ ಅದು ಅಷ್ಟೇನೂ ಕಾಡಲಿಲ್ಲ, ಬೇಸಿಗೆ ಬರುವಷ್ಟರಲ್ಲಿ ಕಡಿಮೆಯಾಗಿತ್ತು. ನಿಧಾನ ಬಿಟ್ಟರೂ ಒಮ್ಮೆಲೇ ಬಿಟ್ಟರೂ ಕೊನೆಗೆ ಅಂಥ ವ್ಯತ್ಯಾಸ ಇಲ್ಲ ಅಂತ ಡಾಕ್ಟರ್ ಹೇಳಿದ್ದರು. ನಮ್ಮೂರಿನವರಿಗೆ ತಿಂಗಳು ಮುಖ್ಯ ಅಂತ ನಾನು ಸೇರಿಸುತ್ತೇನೆ.

ಒಂದನ್ನು ಮಾತ್ರ ಬಿಟ್ಟಿಲ್ಲ. ವಾರಕ್ಕೆ ಎರಡು ಸಲ ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್. ಮೊದಲ ಸಲ ಬಿಟ್ಟಾಗ ಮೂತ್ರದ ಸೋಂಕು ಮೇಲಿಂದ ಮೇಲೆ ಬಂದಿತ್ತು, ಇದರಿಂದ ನಿಂತಿದೆ. ಕಡಿಮೆ ಡೋಸ್ ಆದ್ದರಿಂದ ರಕ್ತಕ್ಕೆ ಹೋಗುವುದು ತೀರಾ ಸ್ವಲ್ಪ, ಜೊತೆಗೆ ಪ್ರೊಜೆಸ್ಟರಾನ್ ಕೂಡ ಬೇಡ.

ನನ್ನ ಜೊತೆ ಕೆಲಸ ಮಾಡಿದ ಗೆಳತಿಗೆ 66, ಚೀಲ ಇಲ್ಲ, ಜೆಲ್ ಮುಂದುವರಿಸಿದ್ದಾಳೆ. ಬಿಟ್ಟರೆ ನಿದ್ದೆಯೇ ಇಲ್ಲ ಆಕೆಗೆ. ಅಪ್ಪನ ಕೆರೆ ಸುತ್ತ ಇಬ್ಬರೂ ಒಟ್ಟಿಗೆ ವಾಕಿಂಗ್ ಮಾಡ್ತೀವಿ, ಜಗಳ ಇಲ್ಲ. ಆದರೆ ಸ್ತನ ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಆಗಿದ್ದರೆ, ಕಾಲಿನಲ್ಲೋ ಪುಪ್ಪುಸದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಈ ಚರ್ಚೆ ಬೇರೆ, ಬೇಗ ಡಾಕ್ಟರ್ ಹತ್ತಿರ ಹೋಗಿ. ಈಗ ಹೊಸದಾಗಿ ಮುಟ್ಟಿನ ಹಾಗೆ ರಕ್ತ ಕಾಣಿಸುತ್ತಿದ್ದರೂ ಅಷ್ಟೇ, ಕಾಯಬೇಡಿ.

ಮೊದಲು ನಿಮ್ಮ ಮಾತ್ರೆಯ ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಎಲ್ಲವನ್ನೂ ಹಾರ್ಮೋನ್ ಮಾತ್ರೆ ಅಂತಲೇ ಕರೀತೀವಿ, ಒಳಗಿನ ಮದ್ದು ಬೇರೆ ಬೇರೆ. ಟಿಬೋಲೋನ್ ಅಂತಿದ್ದರೆ ಡಾಕ್ಟರ್‌ಗೆ ಅದನ್ನೇ ಮೊದಲು ತೋರಿಸಿ. ಮೂಳೆ ಸವೆದಿದ್ದ, 60 ದಾಟಿದ ಹೆಂಗಸರಿಗೆ ಅದನ್ನು ಕೊಟ್ಟು ನೋಡಿದ ಪ್ರಯೋಗವನ್ನು 2006ರಲ್ಲಿ ನಡುವೆ ನಿಲ್ಲಿಸಿದ್ದು ಪಾರ್ಶ್ವವಾಯು ಸುಮಾರು ಎರಡು ಪಟ್ಟಾದ ಕಾರಣಕ್ಕೆ.